ಅಕ್ಕನ ಮಾತು, ಅವ್ವನ ಪುಡಿ

ನಮ್ಮಕ್ಕ ಮಾತು ಶುರು ಮಾಡಿದ ಮೇಲೆ ಅದು ಮುಗಿಯುವ ತನಕ ಕೇಳಿಸಿಕೊಂಡ ಮನುಷ್ಯ ಇಡೀ ಮಹಾರಾಷ್ಟ್ರದಲ್ಲಿ ಇಲ್ಲ. ಕರ್ನಾಟಕದಲ್ಲೂ ಇರಲಿಕ್ಕಿಲ್ಲ! ನಾನಂತೂ ಕೇಳಲಿಲ್ಲ. ಕೇಳಲೇಬೇಕಾಗಿದ್ದ ದಿನವೂ ಕೇಳಲಿಲ್ಲ. ಬೀದರದ ಅಜ್ಜಿಯ ಮನೆಯಲ್ಲಿ ಏಳನೇ ಇಯತ್ತೆಗೇ ಶಾಲೆ ಬಿಟ್ಟವನು ನಾನು, ಈಗ ನಾಸಿಕದ ಪಂಚವಟಿಯಲ್ಲಿ ಆಟೋ ಓಡಿಸುತ್ತೇನೆ. ಬರೆದು ರೂಢಿಯಿಲ್ಲ. ಆದರೂ ಇದನ್ನು ಬರೆಯದೆ ಇರಲಾಗುತ್ತಿಲ್ಲ.

ಅಪ್ಪ ನಾಸಿಕದ ಹತ್ತಿರದ ಓಝರ್‌ನ ವಿಮಾನ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದರು. ಓದಿರೋ ಅಂದರೆ ಅಕ್ಕ ಓದಿದಳು, ನಾನು ಓಡಿದೆ. ಅವಳು ಸಂಭಾಜಿನಗರದ ಒಂದು ಔಷಧ ಕಂಪನಿಯಲ್ಲಿ ಮಾತ್ರೆಗಳನ್ನು ಪರೀಕ್ಷೆ ಮಾಡುವ ಕೆಲಸಕ್ಕೆ ಸೇರಿದಳು. ಅಲ್ಲಿಗೆ ಮುಗಿಯಿತು ನೋಡಿ ನಮ್ಮ ಮನೆಯ ನೆಮ್ಮದಿ!

ಅವಳ ಪರೀಕ್ಷೆಗೆ ಟಿ.ಎಲ್.ಸಿ. ಅನ್ನುತ್ತಾರೆ. ಅವಳು ಹೇಳಿದ್ದರಲ್ಲಿ ನನ್ನ ಕಿವಿಗೆ ಬಿದ್ದಷ್ಟನ್ನು ಹೇಳುತ್ತೇನೆ. ಒಂದು ಅಂಗೈಯಗಲದ ಗಾಜು. ಅದರ ಮೇಲೆ ಸುಣ್ಣ ಬಳಿದ ಹಾಗೆ ಬಿಳಿ ಪುಡಿಯ ತೆಳು ಲೇಪ. ಕೆಳಗೆ ಪೆನ್ಸಿಲಿನಿಂದ ಒಂದು ಗೆರೆ, ಗೆರೆಯ ಮೇಲೆ ಕರಗಿಸಿದ ಔಷಧದ ಒಂದು ಚುಕ್ಕೆ. ತಳದಲ್ಲಿ ಸ್ವಲ್ಪ ದ್ರವವಿರುವ ಬಾಟಲಿಯಲ್ಲಿ ಆ ಗಾಜನ್ನು ನಿಲ್ಲಿಸಿ ಮುಚ್ಚಿದರೆ ದ್ರವ ತಾನೇ ಲೇಪದೊಳಗೆ ಮೇಲೇರುತ್ತದೆ. ಏರುತ್ತಾ ಚುಕ್ಕೆಯಲ್ಲಿ ಇರುವುದನ್ನೆಲ್ಲ ಎಳೆದುಕೊಂಡು ಹೋಗುತ್ತದೆ. ನಮ್ಮ ನಾಸಿಕದ ಪಾಂಡವಲೇಣಿ ಗುಡ್ಡದ ಮೆಟ್ಟಿಲು ಹತ್ತುವ ಮಂದಿಯನ್ನು ನೋಡಿದ್ದೀರಾ? ಒಬ್ಬ ಅರ್ಧಕ್ಕೇ ಏದುಸಿರು ಬಿಟ್ಟು ಕೂರುತ್ತಾನೆ, ಇನ್ನೊಬ್ಬ ಗುಹೆಯ ಬಾಗಿಲು ಮುಟ್ಟುತ್ತಾನೆ. ಹಾಗೆ ಒಂದೊಂದು ಪದಾರ್ಥ ಒಂದೊಂದು ಎತ್ತರದಲ್ಲಿ ನಿಲ್ಲುತ್ತದೆ. ಪಕ್ಕದಲ್ಲೇ ಗೊತ್ತಿರುವ ಔಷಧದ ಚುಕ್ಕೆಯನ್ನೂ ಹತ್ತಿಸಿ ಹೋಲಿಸಿದರೆ ಒಳಗೇನಿದೆ ಎಂದು ತಿಳಿಯುತ್ತದೆ. ಇಷ್ಟೇ! ಅಕ್ಕ ಇದನ್ನು ಹೇಳಲು ಒಂದು ಊಟದ ಹೊತ್ತು ತೆಗೆದುಕೊಳ್ಳುತ್ತಾಳೆ. ಅದೂ ಪೆನ್ಸಿಲ್ ಗೆರೆಯಿಂದಲೇ ಶುರುವಾಗಬೇಕು.

ಆ ಪೆನ್ಸಿಲ್ಲಿನ ಹುಚ್ಚು ಎಲ್ಲಿಗೆ ಹೋಯಿತೆಂದರೆ, ಬ್ಯಾಂಕಿನಲ್ಲೂ ಪೆನ್ಸಿಲಿನಿಂದ ಸಹಿ ಹಾಕಿದಳು. ಕ್ಲಾರ್ಕ್ ಪಾಪದವನು, ಪೆನ್ನಿನಲ್ಲಿ ಸಹಿ ಹಾಕಿ ಎಂದು ಕೈ ಮುಗಿದ. "ತಾಈ, ಪೆನ್ನನೇ ಸಹೀ ಕರಾ ನಾ!"

"ಪೆನ್ನಿನ ಶಾಯಿ ಓಡ್ತದರೀ. ನಿಮ್ಮ ಕರೀ ಶಾಯಿ ಹತ್ತಿಸಿ ತೋರಿಸ್ಲೇನು? ಒಳಗ ನೀಲಿ ಅದ, ಕೆಂಪದ, ಹಳದಿ ಅದ!" ಹಿಂದೆ ಸಾಲಿನಲ್ಲಿ ನಿಂತವರ ಮುಖವೂ ಆ ಎಲ್ಲ ಬಣ್ಣಗಳಿಗೆ ತಿರುಗಿತ್ತು.

ಅವಳಿಗೆ ಒಂದು ಒಳ್ಳೆಯ ಸಂಬಂಧ ಬಂದಿತ್ತು. ಗಂಡಿನ ತಾಯಿ ಅಕ್ಕರೆಯಿಂದ ಕುಂಕುಮ ಹಚ್ಚಿ ಹೋದರು. ಅಕ್ಕ ಆ ಕುಂಕುಮವನ್ನು ಮನೆಯಲ್ಲೇ ಉಪ್ಪಿನಕಾಯಿ ಬಾಟಲಿಯಲ್ಲಿ ಹತ್ತಿಸಿ ನೋಡಿದಳು. ಮರುದಿನ ಫೋನ್ ಮಾಡಿ, "ಅತ್ತೀ, ನಿಮ್ಮ ಕುಂಕುಮದಾಗ ಬಟ್ಟೀಗಿ ಹಾಕೋ ಬಣ್ಣ ಅದರೀ, ಅಂಗಡಿ ಬದಲ್ ಮಾಡ್ರಿ" ಅಂದಳು. ಅವರು ಅಂಗಡಿ ಬದಲು ಮಾಡಿದರೋ ಇಲ್ಲವೋ, ಸೊಸೆಯನ್ನಂತೂ ಬದಲು ಮಾಡಿದರು. ನಮ್ಮ ಅಪ್ಪನ ವಿಭೂತಿಯನ್ನೂ ಅವಳು ಬಿಡಲಿಲ್ಲ. ಅದು ಹಚ್ಚಿದ ಜಾಗದಿಂದ ಕದಲಲೇ ಇಲ್ಲ. "ಮನ್ಯಾಗ ಇದೊಂದೇ ನೋಡು, ಕುಂತಲ್ಲೇ ಕುಂತದ!" ಎಂದು ನಕ್ಕಳು. ಆಮೇಲೆ ಅವಳಿಗೆ ಮದುವೆಯಾಗಲಿಲ್ಲ. ಅದಕ್ಕೂ ನಾವು ನಗುತ್ತಿದ್ದೆವು.

ಅಪ್ಪ ಹೋದ ಮೇಲೆ ಅವ್ವ ನನ್ನ ಮನೆಯಲ್ಲಿದ್ದಳು. ಮೊಣಕಾಲು ನೋವಿಗೆ ಹೊಸ್ತಿಲು ದಾಟಲೂ ಆಗುತ್ತಿರಲಿಲ್ಲ. ಪಂಚವಟಿಯ ಸಂದಿಯಲ್ಲಿ ಜಡಿಬೂಟಿ ಪುಡಿ ಮಾರುವವನೊಬ್ಬನಿದ್ದ. ಅವನ ಅಂಗಡಿಯ ಮುಂದೆ ನನ್ನ ಆಟೋದಿಂದ ಇಬ್ಬರ ಹೆಗಲು ಹಿಡಿದು ಇಳಿದ ಮುದುಕರು ಮುಂದಿನ ಸಲ ತಾವೇ ಹತ್ತಿ ಕೂರುತ್ತಿದ್ದರು. ಕಣ್ಣಾರೆ ಕಂಡ ಮೇಲೆ ಇನ್ನೇನು ಬೇಕು? ಅವ್ವನಿಗೂ ತಂದೆ. ಕೆಲವೇ ದಿನಗಳಲ್ಲಿ ಅವ್ವ ನದಿ ದಡದ ರಾಮಕುಂಡದವರೆಗೆ ನಡೆದು, ಹೂವಿನವಳ ಜೊತೆ ಜಗಳವಾಡಿ ಗೆದ್ದು ಬಂದಳು! ತಿಂಗಳುಗಟ್ಟಲೆ ತಿಂದಳು. ಮುಖ ಪೂರಿಯ ಹಾಗೆ ಉಬ್ಬಿತು. ಅವ್ವ ಮೈತುಂಬಿಕೊಂಡಳೆಂದು ನಾವು ಖುಷಿಪಟ್ಟೆವು.

ಹಬ್ಬಕ್ಕೆ ಬಂದ ಅಕ್ಕ ಆ ಮುಖ ನೋಡಿ ಖುಷಿಪಡಲಿಲ್ಲ.

"ತಮ್ಮಾ, ಅವ್ವಗ ಏನ್ ಕೊಡ್ಲತ್ತಿ?"

"ಜಡಿಬೂಟಿ ಅಕ್ಕ. ಏನೂ ಅಪಾಯ ಇಲ್ಲ."

"ಇಲ್ಲಂತ ಯಾರ್ ಹೇಳ್ಯಾರ?"

"ಮಾರಾಂವ ಹೇಳ್ಯಾನ."

ಅಕ್ಕ ಪುಡಿಯ ಡಬ್ಬಿಗೆ ಕೈ ಹಾಕಿದಳು. ಅವ್ವ ಒಳಗಿನಿಂದ ಕೂಗಿದಳು, "ಏ ಹುಡುಗಿ, ಬೀಗರ ಕುಂಕುಮಾನೂ ಬಿಡ್ಲಿಲ್ಲ, ಈಗ ನನ್ನ ಮೊಣಕಾಲಿಗಿ ಬಂದಿ ಏನು?" ಮನೆಯಲ್ಲೆಲ್ಲ ನಗು. ಅಕ್ಕ ಒಂದು ಚಿಟಿಕೆಯನ್ನು ಕಾಗದದಲ್ಲಿ ಕಟ್ಟಿಕೊಂಡು ಬಸ್ಸು ಹತ್ತಿದಳು.

ಅವಳ ಫೋನ್ ಬಂದಾಗ ನನ್ನ ಆಟೋ ತುಂಬಿತ್ತು.

"ತಮ್ಮಾ, ಸಾಹೇಬರಿಗಿ ಕೇಳೇ ಲ್ಯಾಬಿನ್ಯಾಗ ಹಚ್ಚಿ ನೋಡ್ದೆ. ಮೊದಲ ಗೆರಿ ಹಾಕಿ, ಈ ಕಡಿ ಪುಡಿ, ಆ ಕಡಿ ಅಸಲಿ ಔಷಧ…"

"ಅಕ್ಕ, ಸವಾರಿ ಕುಂತಾವ. ಏನದ ಅಷ್ಟೇ ಹೇಳು."

"ಅಷ್ಟೇ ಹೇಳಾಕ ಬರಂಗಿಲ್ಲೋ. ಒಂದು ದ್ರವದಾಗ ಎರಡೂ ಸರಿಸಮ ನಿಂತ್ರ ಸಾಲಂಗಿಲ್ಲ, ಬ್ಯಾರೆ ದ್ರವದಾಗೂ…"

"ಅಕ್ಕಾ!"

"ಸ್ಟೆರಾಯ್ಡ್ ಅದ. ಜಡಿಬೂಟಿ ಅಂತ ಹೇಳಿ ಸ್ಟೆರಾಯ್ಡ್ ಕಲಸ್ಯಾನ. ಆದ್ರ ನೋಡು, ಒಮ್ಮೆಲೇ ಬಂದ್ ಮಾಡಬ್ಯಾಡ. ಮೊದಲ ಡಾಕ್ಟರಿಗಿ…"

ನಾನು ಫೋನ್ ಕಟ್ ಮಾಡಿದೆ.

ಒಮ್ಮೆಲೇ ಬಂದ್ ಮಾಡಬೇಡ. ಆ ಮಾತು ನನ್ನ ಕಿವಿಗೆ ಸ್ಪಷ್ಟವಾಗಿ ಬಿದ್ದಿತ್ತು. ಆದರೆ ವಿಷವೆಂದು ಗೊತ್ತಾದ ಮೇಲೆ ಅದನ್ನು ಸಾವಕಾಶವಾಗಿ ಬಿಡುವುದು ಯಾವ ಸೀಮೆಯ ಬುದ್ಧಿ ಅಂದುಕೊಂಡೆ. ನಾನೇ ತಂದುಕೊಟ್ಟ ಪುಡಿಯೆಂಬ ನಾಚಿಕೆ ಬೇರೆ. ಮನೆಗೆ ಹೋಗಿ ಡಬ್ಬಿಯನ್ನು ಗಟಾರಕ್ಕೆ ಸುರುವಿದೆ. ಸಂಜೆ ಅಕ್ಕ ಮತ್ತೆ ಮತ್ತೆ ಫೋನ್ ಮಾಡಿದಳು. ಪುನಃ ಪೆನ್ಸಿಲ್ ಗೆರೆಯಿಂದ ಯಾರು ಕೇಳಬೇಕು? "ಡಾಕ್ಟರಿಗಿ ತೋರಿಸ್ತಾರಂತ್ರಿ" ಎಂದು ಹೆಂಡತಿಯ ಕೈಯಲ್ಲಿ ಹೇಳಿಸಿದೆ. ತೋರಿಸಲಿಲ್ಲ.

ಅವ್ವ ಮೊದಲು ಊಟ ಬಿಟ್ಟಳು. ಆಮೇಲೆ ವಾಂತಿ. ಒಂದು ಬೆಳಗ್ಗೆ ತಲೆಯೆತ್ತಲಾಗದೆ ಮಲಗಿದ್ದವಳನ್ನು ನನ್ನದೇ ಆಟೋದಲ್ಲಿ ಆಸ್ಪತ್ರೆಗೆ ಒಯ್ದೆ. ಅಕ್ಕ ಸಂಭಾಜಿನಗರದಿಂದ ಓಡಿ ಬಂದಳು. ಅಷ್ಟು ದಿನ ಹೊರಗಿನಿಂದ ಸ್ಟೆರಾಯ್ಡ್ ಹೋಗಿ ಹೋಗಿ ಮೈ ತನ್ನ ಕೆಲಸ ಮರೆತಿರುತ್ತದೆ, ಒಮ್ಮೆಲೇ ನಿಲ್ಲಿಸಿದರೆ ಮೈಯೇ ಕುಸಿಯುತ್ತದೆ ಎಂದು ಡಾಕ್ಟರ್ ಹೇಳಿದರು. "ಏಕ್‌ದಮ್ ಕಾ ಬಂದ್ ಕೇಲೀ? ಕೋಣೀ ಸಾಂಗಿತಲಂ ನಾಹೀ ಕಾ?" ಒಮ್ಮೆಲೇ ಯಾಕೆ ನಿಲ್ಲಿಸಿದಿರಿ, ಯಾರೂ ಹೇಳಲಿಲ್ಲವೇ?

ಅಕ್ಕ ನನ್ನ ಮಗ್ಗುಲಲ್ಲೇ ನಿಂತಿದ್ದಳು.

"ನಾಹೀ ಡಾಕ್ಟರ್," ಅಂದೆ ನಾನು. "ಯಾರೂ ಹೇಳ್ಲಿಲ್ಲ."

ಅಕ್ಕ ನನ್ನ ಕಡೆ ನೋಡಿದಳು. ಸಿಟ್ಟಿನಿಂದಲ್ಲ. ಏನನ್ನೋ ನೆನಪಿಸಿಕೊಳ್ಳುತ್ತಿರುವವಳ ಹಾಗೆ. ಅವ್ವ ಉಳಿಯಲಿಲ್ಲ.

ಆಮೇಲೆ ಅಕ್ಕನ ಮಾತು ನಿಂತುಹೋಯಿತು. ಫೋನಿನಲ್ಲಿ "ಹೂಂ", "ಉಂಡೆ", "ಇಡ್ತೀನಿ", ಅಷ್ಟೇ. ನಾನು ಅದನ್ನು ದುಃಖವೆಂದುಕೊಂಡೆ. ಹಾಗೆ ಅಂದುಕೊಳ್ಳುವುದು ನನಗೆ ಅನುಕೂಲವಾಗಿತ್ತು. ಮೊನ್ನೆ ಅವಳೇ ಫೋನ್ ಮಾಡಿದಳು. "ಪರೀಕ್ಷಾದ ಕೆಲ್ಸ ಬಿಡ್ಲತ್ತೀನಿ ತಮ್ಮಾ. ಗೋದಾಮಿಗಿ ಹಾಕ್ರೀ ಅಂತ ಸಾಹೇಬರಿಗಿ ಹೇಳಾಕಿ ಇದ್ದೀನಿ."

"ಯಾಕಕ್ಕ?"

"ಅವತ್ತು ಅವ್ವನ ಪುಡಿ ಒಮ್ಮೆಲೇ ಬಿಡಬ್ಯಾಡ್ರಿ ಅಂತ ಹೇಳೀನಂತ ತಿಳಕೊಂಡಿದ್ದೆ. ಹೇಳೇ ಇಲ್ಲಂತ. ಹಡದಾಕಿ ಜೀವದ ಮಾತೇ ಮರತಾಕಿ ನಾ, ಮಂದಿ ನುಂಗೋ ಮಾತ್ರಿ ಹೆಂಗ ನೋಡ್ಲಿ?"

ಆಟೋ ಸ್ಟ್ಯಾಂಡಿನಲ್ಲೇ ಬಿಟ್ಟು ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಏನು ಹೇಳಬೇಕೆಂದು ಜೋಡಿಸಿಕೊಂಡೆ. ಅವಳು ಬಾಗಿಲು ತೆಗೆದಳು. ನನ್ನ ಮುಖ ನೋಡಿ ಅವಳೇ ಗಾಬರಿಯಾದಳು.

"ಏನಾತೋ? ಮಕ್ಕಳು ಆರಾಮದಾರ?"

"ನೀ ಹೇಳಿದ್ದಿ ಅಕ್ಕ."

"ಏನ್ ಹೇಳಿದ್ದೆ?"

"ಒಮ್ಮೆಲೇ ಬಂದ್ ಮಾಡಬ್ಯಾಡ ಅಂತ ಹೇಳಿದ್ದಿ. ನನಗ ಕೇಳಿಸಿತ್ತು. ಕೇಳಿಸಿದ ಮ್ಯಾಲೇ ಕಟ್ ಮಾಡ್ದೆ."

"ಮತ್ತ ಡಾಕ್ಟರ್ ಮುಂದ?"

"ಸುಳ್ಳ ಹೇಳ್ದೆ. ಅಂಜಿ ಹೇಳ್ದೆ. ನೀ ಏನೂ ಮರತಿಲ್ಲ ಅಕ್ಕ. ಕೆಲ್ಸ ಬಿಡಬ್ಯಾಡ. ಅವ್ವನ್ನ ಕಳದಾಂವ ನಾ, ಅದನ್ನ ನಿನ್ನ ತಲೀ ಮ್ಯಾಲ ಹಾಕಿ ಇಷ್ಟು ದಿನ ಸುಮ್ನ ಕುಂತೆ. ತಪ್ಪಾತಕ್ಕ. ನನ್ನಿಂದ ಭಾಳ ತಪ್ಪಾತು."