ಗಂಟೆಗೊಂದು ಹನಿ

೧೯೬೫, ಡಿಸೆಂಬರ್ ೬, ಸೋಮವಾರ: “ಇವರ ಬಲಗಣ್ಣಿಗೆ ವೈರಸ್. ಗಂಟೆಗೊಂದು ಹನಿ.” ನನ್ನ ಡೈರಿಯಲ್ಲಿ ಹೀಗಿದೆ. ಬಿ.ಎ. ಓದುವಾಗಿನಿಂದ ಒಂದು ದಿನವೂ ಡೈರಿ ತಪ್ಪಿಸಿದವಳಲ್ಲ ನಾನು. ತಿರುವಿ ನೋಡಿದರೆ, ನಮ್ಮ ಮನೆಗೆ ಕಾಯಿಲೆ ಬಂದಾಗಲೆಲ್ಲ ಅದರ ಬೆನ್ನಿಗೆ ನಗುವೂ ಬಂದಿದೆ.

ಡಾಕ್ಟರ ಪಾಠ

ಮನೆಯಲ್ಲಿದ್ದ ಪೆನ್ಸಿಲಿನ್ ಮುಲಾಮು ಹಚ್ಚಿ ವಾರ ಕಳೆದಿದ್ದೆವು. ಮೈಸೂರಿನ ಕಣ್ಣಿನ ಡಾಕ್ಟರು ಗದರಿದರು.

“ಪೆನ್ಸಿಲಿನ್‌ಗೆ ಬಗ್ಗುವುದು ಬ್ಯಾಕ್ಟೀರಿಯಾ. ಇದು ವೈರಸ್. ನಮ್ಮ ಜೀವಕೋಶದೊಳಗೆ ಹೊಕ್ಕು ತನ್ನದೇ ನಕಲು ಮಾಡುತ್ತಾ ಹೋಗುತ್ತದೆ. ಈ ಹೊಸ ಔಷಧಿ ಅದನ್ನು ಕೊಲ್ಲುವುದಿಲ್ಲ, ನಕಲನ್ನು ಕೆಡಿಸುತ್ತದೆ. ಹೊತ್ತು ತಪ್ಪಿಸಿದರೆ ಮತ್ತೆ ಹೆಚ್ಚುತ್ತದೆ, ಕಣ್ಣೇ ಹೋದೀತು.”

ನಾನು ಗಾಬರಿಯಿಂದ ಔಷಧಿಯ ಹೊತ್ತು ಬರೆದುಕೊಳ್ಳತೊಡಗಿದೆ. ಇವರು ಮಾತ್ರ ಒಂದೇ ಕಣ್ಣಲ್ಲಿ ನಕ್ಕರು: “ಇರುವವರು ಇರಲಿ, ಇನ್ನು ಮಕ್ಕಳು ಬೇಡ. ಸರ್ಕಾರದ ಕುಟುಂಬ ಯೋಜನೆ ಕಣ್ಣಿನೊಳಗೂ ಬಂತು ಅನ್ನಿ!”

ಉರಿ

ಹನಿ ಹಾಕಿದರೆ ಉರಿಯುತ್ತದೆ, ನೀರು ಸುರಿಯುತ್ತದೆ, ಬೆಳಕು ಚುಚ್ಚುತ್ತದೆ ಎಂದಿದ್ದರು. ಹಾಗೆಯೇ ಆಯಿತು. ಮರುದಿನ ನಮ್ಮ ಕಾಫಿ ತೋಟದಲ್ಲಿ ಆಳುಗಳ ಹಾಜರಿಯ ಹೊತ್ತಿಗೆ, ಹಣ್ಣು ಕುಯ್ಯುವ ಹೆಂಗಸೊಬ್ಬಳು ತಂಗಿಯ ಮದುವೆಗೆ ರಜೆ ಕೇಳಲು ಬಂದಳು. ಇವರ ಕೆನ್ನೆಯ ಮೇಲೆ ಧಾರಾಕಾರ ನೀರು.

“ಅಯ್ಯೋ, ಅಳಬೇಡಿ ಸಾವುಕಾರ್ರೆ! ನಾನು ಹೋಗೋದಿಲ್ಲ, ಬಿಡಿ.”

ನಾನೇ ಅವಳನ್ನು ಬಸ್ಸು ಹತ್ತಿಸಬೇಕಾಯಿತು. ಜೊತೆಗೆ ಬಂದಿದ್ದ ಇವರಿಗೆ ಕಿಟಕಿಯಿಂದಲೂ ಸಮಾಧಾನ ಹೇಳಿದಳು: “ನಾಲ್ಕೇ ದಿನ ಸಾವುಕಾರ್ರೆ, ಧೈರ್ಯವಾಗಿರಿ!”

ಕಂಬಿ

ಹಣ್ಣು ಕುಯ್ಯುವ ಪಿಕ್ಕಿಂಗ್ ಕಾಲ. ನಾನು ಕಾಫಿ ಒಣಗಿಸುವ ಕಣದಲ್ಲಿದ್ದರೆ ಇವರು ಗುಡ್ಡದಲ್ಲಿ. ಹೊತ್ತು ತಪ್ಪಬಾರದೆಂದು, ಸ್ಟೋರಿನ ಮುಂದೆ ತೂಗುಹಾಕಿದ್ದ ರೈಲು ಕಂಬಿಯನ್ನು ಗಂಟೆಗೊಮ್ಮೆ ಬಾರಿಸಲು ತೋಟದ ಲೆಕ್ಕ ಬರೆಯುವ ರೈಟರಿಗೆ ಹೇಳಿದೆ. ಹತ್ತಕ್ಕೆ ಬಾರಿಸಿದರು. ಕೆಲಸದವರ ಲೆಕ್ಕದಲ್ಲಿ, ಹಾಜರಿಯಾದ ಮೇಲೆ ಕಂಬಿ ಕೇಳಿತೆಂದರೆ ಹಣ್ಣು ತೂಕಕ್ಕೆ ತರಬೇಕು. ಅರ್ಧ ತುಂಬಿದ ಬುಟ್ಟಿ ಹೊತ್ತು ಇಡೀ ಗುಡ್ಡವೇ ಇಳಿಯಿತು. ವಾಪಸು ಕಳಿಸಿದೆವು. ಹನ್ನೊಂದಕ್ಕೆ ಮತ್ತೆ ಇಳಿಯಿತು!

ರೈಟರು ಕೂಗಾಡಿದರು. ಆಳುಗಳ ಮೇಸ್ತ್ರಿ ಬಿಡಲಿಲ್ಲ: “ಹೊಡೆದರೆ ಬನ್ನಿ ಅಂದವರೂ ನೀವೇ, ಬಂದರೆ ಬಯ್ಯೋರೂ ನೀವೇ. ಇದೆಂಥ ಕತೆ ಮಾರಾಯ್ರೆ?”

ಮರುದಿನ ಹಾಜರಿಯಲ್ಲಿ ನಾನೇ ನಿಂತು ಕಣ್ಣಿನ ವಿಷಯ ಬಿಡಿಸಿ ಹೇಳಿದೆ. ಹತ್ತಕ್ಕೆ ಕಂಬಿ ಬಾರಿಸಿದರು. ಯಾರೂ ಇಳಿಯಲಿಲ್ಲ. ನಾನು ಹನಿಯ ಸೀಸೆ ಹಿಡಿದು ಗುಡ್ಡ ಹತ್ತಿದರೆ, ಉರಿಗೆ ಹೆದರಿ ಇವರು ಕಾಫಿ ಗಿಡದ ಮರೆಯಲ್ಲಿ ಕುಳಿತಿದ್ದಾರೆ! ಅಷ್ಟರಲ್ಲಿ ಗುಡ್ಡದ ತುಂಬ ತಮಿಳು, ಮಲಯಾಳ, ತುಳು, ಕನ್ನಡದಲ್ಲಿ ಒಂದೇ ಕೂಗು: “ಸಾವುಕಾರ್ರೇ, ಕಣ್ಣು ಬಿಡಿ!”

ಬಿಟ್ಟರು. ಅಂದಿನಿಂದ ಒಂದು ಹನಿಯೂ ತಪ್ಪಲಿಲ್ಲ.

ಕಣ್ಣು ಉಳಿಯಿತು. ತೆತ್ತದ್ದು ಇಷ್ಟು: ನಾಲ್ಕು ಸೀಸೆ ಔಷಧಿ, ಒಂದು ದಿನದ ಪಿಕ್ಕಿಂಗ್, ಆ ಕಣ್ಣಿನ ಕರಿಗುಡ್ಡೆಯ ಅಂಚಿನಲ್ಲಿ ಸಾಸಿವೆಯಷ್ಟು ಬಿಳಿ ಕಲೆ.