ಎಮುವಿನ ಕೊಕ್ಕಿಗೆ ಮಾವಿನ ತೋರಣ

ಆ ಶನಿವಾರ ಬೆಳಿಗ್ಗೆ, ಸಿಡ್ನಿಯಿಂದ ಬಹುದೂರದ ವೆರಿಬೀ ಎಂಬ ಊರಿನ ಬಳಿಯ ಹಳೆಯ ಸಭಾಂಗಣದಲ್ಲಿ ಇದ್ದವರು ಇಬ್ಬರೇ: ಕೆಳಗೆ ನಮ್ಮ ಕನ್ನಡ ಬಳಗದ ಅಧ್ಯಕ್ಷೆ, ಹುಬ್ಬಳ್ಳಿಯ ಮಂಗಳಕ್ಕ, ಏಣಿಯ ಮೇಲೆ ನಾನು. ಬೇಕಾದರೆ ಗೋಡೆಯ ಮೇಲಿನ ಲಾಂಛನವನ್ನೂ ಲೆಕ್ಕಕ್ಕೆ ಹಿಡಿಯಬಹುದು. ಮರದಲ್ಲಿ ಕೆತ್ತಿದ ಗುರಾಣಿ, ಎಡಕ್ಕೊಂದು ಎಮು, ಬಲಕ್ಕೊಂದು ಹೋರಿ, ಕೆಳಗೆ ಯಾರಿಗೂ ಅರ್ಥವಾಗದ ಲ್ಯಾಟಿನ್ ವಾಕ್ಯ. ಅದನ್ನು ಹೊತ್ತು ಮೆರೆದ ಕೌನ್ಸಿಲ್, ಅಂದರೆ ಇಲ್ಲಿನ ಪುರಸಭೆ, ಪಕ್ಕದ ಕೌನ್ಸಿಲಿನಲ್ಲಿ ಲೀನವಾಗಿ ಎಷ್ಟೋ ಕಾಲವಾಯಿತು. ‘ಅರಸು ಹೋದರೂ ಅರಮನೆಯ ಗೂಟ ಹೋಗೋದಿಲ್ಲ ಕಣೋ, ಅಂಗಿ ನೇತುಹಾಕೋಕಾದ್ರೂ ಬರುತ್ತೆ’ ಎನ್ನುತ್ತಿದ್ದಳು ನಮ್ಮಜ್ಜಿ. ಇಲ್ಲೂ ಹಾಗೇ. ಗೋಡೆಗೆ ಮೊಳೆ ಹೊಡೆಯಕೂಡದು, ಟೇಪ್ ಅಂಟಿಸಕೂಡದು ಎಂಬುದು ಸಭಾಂಗಣದ ಕಾನೂನು. ಆದ್ದರಿಂದ ಯುಗಾದಿಯಿರಲಿ, ರಾಜ್ಯೋತ್ಸವವಿರಲಿ, ನಮ್ಮ ತೋರಣದ ಒಂದು ತುದಿ ಎಮುವಿನ ಕೊಕ್ಕಿಗೆ, ಇನ್ನೊಂದು ಹೋರಿಯ ಕೊಂಬಿಗೆ. ಕೊಕ್ಕು ಮುರಿಯದಂತೆ ಗಂಟು ಹಾಕುವ ವಿದ್ಯೆ ಬಳಗದಲ್ಲಿ ನನಗೊಬ್ಬನಿಗೇ ಬರುವುದೆಂದು ನಾನೇ ಸುದ್ದಿ ಹಬ್ಬಿಸಿದ್ದೆ.

ಕಾರಣ ಹೇಳಲು ನಾಚಿಕೆ. ಹೆಂಡತಿ, ಮಗಳು ಸಿಡ್ನಿಯ ಬ್ಲ್ಯಾಕ್‌ಟೌನಿನಲ್ಲಿ. ಸಂಬಳ ಹೆಚ್ಚೆಂದು ನಾನು ಇಲ್ಲಿ, ರೆಂಟಿನ ಒಂದು ಕೋಣೆಯಲ್ಲಿ. ವಾರವಿಡೀ ಮನೆಯಲ್ಲಿ ನನ್ನೊಡನೆ ಮಾತನಾಡುವುದು ಕುಕ್ಕರ್ ಒಂದೇ, ಅದೂ ಮೂರೇ ಮಾತು. ಹಬ್ಬ ಬಂದಾಗ ಮಾತ್ರ ಮಂಗಳಕ್ಕನ ಫೋನ್ ಬರುತ್ತಿತ್ತು: ‘ಏಣಿ ಹತ್ತೋರು ನೀವೇ ಅಲ್ರಿ, ಲಗೂ ಬರ್ರಿ!’

ಆ ದಿನ ಗಂಟು ಬಿಗಿಯುತ್ತಿದ್ದಾಗ ಮಂಗಳಕ್ಕ ಕೆಳಗಿನಿಂದ, ‘ಇದೇ ಕಡೀದು ನೋಡ್ರಿ. ಮುಂದಿನ ಹಬ್ಬಕ್ಕ ದೊಡ್ಡ ಎಲ್‌ಇಡಿ ಪರದೆ ತರಸ್ತೇವಿ. ತೋರಣ ಅದರಾಗೇ ಬರ್ತದ’ ಎಂದರು.

‘ಹಾಗಾದ್ರೆ ಈ ಲಾಂಛನ?’

‘ಮ್ಯಾಲೆ ಕುಂಡ್ರಲಿ ಬಿಡ್ರಿ. ಅದಕ್ಕೇನ್ ಅನ್ನ ಹಾಕಬೇಕೇನು?’

‘ಪಾಪ, ಎಮು ಬೇಜಾರು ಮಾಡ್ಕೊಳ್ಳುತ್ತೆ.’

‘ಎಮುನೋ, ನೀವೋ?’ ಎಂದು ನಕ್ಕರು. ನಾನೂ ನಕ್ಕೆ. ಏಣಿಯ ಮೇಲೆ ನಗುವುದು ಕಷ್ಟ. ಎರಡೂ ಕೈಯಲ್ಲಿ ಹಿಡಿದುಕೊಳ್ಳಬೇಕಾಗುತ್ತದೆ.

ಮುಂದಿನ ಹಬ್ಬಕ್ಕೆ ಪರದೆ ಬಂತು. ಒಂದೆಲೆಯೂ ಬಾಡದ ತೋರಣ, ಚೆನ್ನಾಗಿಯೇ ಇತ್ತು. ನನಗೆ ಫೋನ್ ಬರಲಿಲ್ಲ. ನಾನಾಗಿಯೇ ಹೋಗಿ ಹಿಂದಿನ ಸಾಲಿನಲ್ಲಿ ಕುಳಿತೆ. ಮೇಲಿನಿಂದ ಎಮು ಬರಿಗೊಕ್ಕಿನಲ್ಲಿ, ಹೋರಿ ಬರಿಗೊಂಬಿನಲ್ಲಿ ನನ್ನನ್ನೇ ನೋಡುತ್ತಿದ್ದವು. ಅವಕ್ಕಾದರೂ ಒಂದಕ್ಕೊಂದು ಜೊತೆಯಿತ್ತು.

ಕೋಣೆಗೆ ಬಂದು ಹೆಂಡತಿಗೆ ಫೋನ್ ಮಾಡಿ, ‘ಸಿಡ್ನಿಗೆ ಬಂದುಬಿಡ್ತೀನಿ ಕಣೇ’ ಎಂದೆ.

‘ಯಾಕ್ರೀ, ಕೆಲಸ ಹೋಯ್ತಾ?’

‘ಹೂಂ. ತೋರಣ ಕಟ್ಟೋದು.’

ಅವಳು ನಗಲಿಲ್ಲ. ‘ಬನ್ನಿ’ ಎಂದಳು.

ಒಂದು ತಿಂಗಳಾದ ಮೇಲೆ ಸಿಡ್ನಿಗೆ ಹೋದೆ. ಬಾಗಿಲು ತೆಗೆದ ಹೆಂಡತಿ, ‘ಶೂ ಹೊರಗೇ ಬಿಡಿ, ಈಗಷ್ಟೇ ಒರೆಸಿದ್ದೀನಿ’ ಎಂದಳು. ಕುಕ್ಕರಿಗಿಂತ ಎರಡು ಮಾತು ಹೆಚ್ಚೇ ಆಯಿತು.