ಅಪ್ಪನ ಕುರ್ಚಿ ಮತ್ತು ಜಪಾನಿನ ಮೂರು ಮಾತು

ಜಪಾನಿ ಭಾಷೆ ಕಲಿಯುವುದಕ್ಕೆ ಹದಿನೈದು ದಿನ ಧಾರಾಳವಾಯಿತು ಎಂದು ನಾಗಣ್ಣ ಸೊಲ್ಲಾಪುರದ ಟಾವೆಲ್ ವ್ಯಾಪಾರಿಗಳ ಸಭೆಯಲ್ಲಿ ಎದೆ ತಟ್ಟಿ ಹೇಳಿಬಿಟ್ಟ. ಹೇಳುವಾಗ ಅವನ ಬಾಯಲ್ಲಿ ಎಲೆಅಡಿಕೆ ಇತ್ತು. ಬಾಯಲ್ಲಿ ಎಲೆಅಡಿಕೆ ಇರುವಷ್ಟು ಹೊತ್ತು ನಾಗಣ್ಣನಿಗೆ ಈ ಭೂಮಂಡಲದಲ್ಲಿ ಆಗದ ಕೆಲಸವೇ ಇರುವುದಿಲ್ಲ. ಒಸಾಕಾದಿಂದ ಹಿರಾನೊ ಎಂಬ ಸಾಹೇಬರು ಟಾವೆಲ್ ನೋಡಲು ಬರುವವರಿದ್ದರು. ಮಧ್ಯಾಹ್ನದ ಊಟ ನಾಗಣ್ಣನ ಮನೆಯಲ್ಲಿ. ಮುಂಬೈಯಿಂದ ಒಬ್ಬ ದುಭಾಷಿಯನ್ನು ಕರೆಸೋಣ ಎಂದು ಉಳಿದವರು ಅಂದರೆ, "ದುಭಾಷಿ ಯಾಕ್ರಿ? ನಾ ಏನ್ ಸತ್ತೀನೇನು?" ಎಂದ. ಹಿಂದಿನ ಸಾಲಿನಲ್ಲಿ ಸೋಮೇಶ ಕೆಮ್ಮಿದ. ಸೋಮೇಶನದು ಎದುರಿನ ಅಂಗಡಿ. ಅವನಿಗೆ ಕೆಮ್ಮಿನ ರೋಗವಿಲ್ಲವೆಂದು ಇಡೀ ಪೇಟೆಗೆ ಗೊತ್ತು. ಸಾಹೇಬರ ಮುಂದೆ ಬಾಯಿ ಕಟ್ಟಿದರೆ ಆ ಕೆಮ್ಮು ಸಾಯುವ ತನಕ ತನ್ನ ಬೆನ್ನು ಬಿಡುವುದಿಲ್ಲ ಎಂದು ನಾಗಣ್ಣ ಮನೆಗೆ ಬರುವ ದಾರಿಯಲ್ಲೇ ಬೆವತ.

ಗುರು ಸಿಕ್ಕಿದ್ದು ಮನೆಯಲ್ಲೇ. ತಮ್ಮನ ಮಗಳು ದೀಪಾಲಿ ಪುಣೆಯಲ್ಲಿ ಜಪಾನಿ ಕ್ಲಾಸು ಮುಗಿಸಿದವಳು. ಅವಳು ಫೋನಿನಲ್ಲಿ ಮುಖ ತೋರಿಸಿ, ತೋರುಬೆರಳು ಎತ್ತಿ ಹೇಳಿದಳು.

"ದೊಡ್ಡಪ್ಪಾ, ಇಷ್ಟ ದಿನದಾಗ ಭಾಷಾ ಏನ್ ಬರೂದಿಲ್ಲ. ಬಟ್ಟ ಮಾಡಿ ತೋರ್ಸೂ ಮೂರು ಶಬ್ದ ಕಲೀರಿ, ದುಕಾನದಾಗ ಅಷ್ಟ ಸಾಕು. ನಿಮ್ಮ ಹತ್ರ ಇದ್ದದ್ದು 'ಕೊರೆ'. ಎದುರಿಗೆ ಕುಂತವರ ಹತ್ರ ಇದ್ದದ್ದು 'ಸೊರೆ'. ಇಬ್ರಿಗೂ ದೂರ ಇದ್ದದ್ದು 'ಅರೆ'. ಅದೇನು ಅಂತ ಕೇಳೂದಿದ್ರ ಹಿಂದ 'ವಾ ನಾನ್ ದೆಸ್ ಕಾ' ಹಚ್ಚೂದು. ಬಟ್ಟ ಮಾಡ್ರಿ, ಕಣ್ಣ ಮುಚ್ರಿ, ಇಪ್ಪತ್ತು ಸಲ ಅನ್ರಿ. ಖರೆ, ಎದುರಿಗೆ ಒಬ್ರು ಕುಂದ್ರಬೇಕು. ಇಲ್ಲಂದ್ರ ಸೊರೆ ಆಗೂದಿಲ್ಲ."

ಎದುರಿಗೆ ಕೂರಲು ಮನೆಯಲ್ಲಿ ಇನ್ನು ಯಾರಿದ್ದಾರೆ? ನಾಗಣ್ಣ ಅಡುಗೆಮನೆಯ ಕಡೆ ಬೆರಳು ಚಾಚಿ ಕೂಗಿದ.

"ಏ ಇಕಿನ, ಸ್ವಲ್ಪ ಎದುರಿಗೆ ಕುಂದ್ರ ಬಾ."

"ನನಗ ಸವಡಿಲ್ರಿ," ಎಂದಳು ಹೆಂಡತಿ ಅಕ್ಕನಾಗಮ್ಮ, ರೊಟ್ಟಿ ಬಡಿಯುವುದನ್ನು ನಿಲ್ಲಿಸದೆ. "ನಿಮ್ಮ ಬಟ್ಟ ಮ್ಯಾಲ ಎದ್ದಿತಂದ್ರ ನನಗ ಒಂದು ಕೆಲಸ ಹುಟ್ಟತೈತಿ. ಇದ್ದದ್ದs ಸಾಕಾಗೇದ."

(ಈ ಮಾತನ್ನು ನಾಗಣ್ಣ ಕಿವಿಗೆ ಹಾಕಿಕೊಂಡಿದ್ದರೆ ಮುಂದಿನ ಕಥೆಯೇ ಇರುತ್ತಿರಲಿಲ್ಲ. ಆದರೆ ಹೆಂಡತಿ ಹೇಳಿದ್ದನ್ನು ಕಿವಿಗೆ ಹಾಕಿಕೊಳ್ಳುವ ಗಂಡಂದಿರ ಕಥೆಯನ್ನು ಯಾರು ಓದುತ್ತಾರೆ?)

ಕೊನೆಗೆ ಅವನು ಅಪ್ಪನ ಕುರ್ಚಿಯನ್ನು ಎಳೆದು ಎದುರಿಗೆ ಹಾಕಿಕೊಂಡ. ಅದು ಸಾಗವಾನಿಯ ದೊಡ್ಡ ಆರಾಮ ಕುರ್ಚಿ. ಅಪ್ಪ ತೀರಿಕೊಂಡು ಹನ್ನೊಂದು ವರ್ಷವಾದರೂ ಅದರಲ್ಲಿ ಯಾರೂ ಕೂತಿರಲಿಲ್ಲ. ಪಡಸಾಲೆಯ ಆ ತುದಿಯ ಮೂಲೆಯಲ್ಲಿ ಅಪ್ಪನ ಬೆಳ್ಳಿ ಹಿಡಿಕೆಯ ಕೋಲು ಒರಗಿ ನಿಂತಿತ್ತು. ಬದುಕಿದ್ದಾಗ ಅಪ್ಪ ಮಾತಾಡಿದ್ದು ಕಡಿಮೆ, ಕೋಲು ತೋರಿಸಿದ್ದು ಹೆಚ್ಚು. ಅಕ್ಕನಾಗಮ್ಮ ಮಾವನ ಮುಂದೆ ಒಂದು ದಿನವೂ ಬಾಯಿ ಬಿಟ್ಟವಳಲ್ಲ. ಆ ರೂಢಿ ಎಷ್ಟು ಗಟ್ಟಿಯೆಂದರೆ, ಇವತ್ತಿಗೂ ಬರಿ ಕುರ್ಚಿಯ ಮುಂದೆ ಹಾಯುವಾಗ ತಲೆಯ ಮೇಲೆ ಸೆರಗು ಹೊದ್ದು, ತುಟಿ ಬಿಗಿಹಿಡಿದು, ಬೆಕ್ಕಿನ ಹಾಗೆ ಹಾಯುತ್ತಾಳೆ.

ಮೊದಲ ದಿನ ಊಟವಾದ ಮೇಲೆ ಕೂತ. ಹೊರಗೆ ಮಟಮಟ ಮಧ್ಯಾಹ್ನ. ದೆವ್ವಗಳಿಗೆ ರಾತ್ರಿಯೇ ಆಗಬೇಕೆಂದಿಲ್ಲ, ಬಿಸಿಲು ನೆತ್ತಿಗೆ ಬಂದಾಗಲೂ ತಿರುಗುತ್ತವೆ ಎಂದು ಹಳ್ಳಿಯ ಮುದುಕಿಯರು ಹೇಳುವುದು ಇಂಥ ಹೊತ್ತಿಗೇ. ಬೀದಿಯಲ್ಲಿ ನಾಯಿ ಸಹ ಇರಲಿಲ್ಲ. ನಾಗಣ್ಣ ದೂರದ ಗೂಡಿನಲ್ಲಿದ್ದ ತಾಮ್ರದ ತಂಬಿಗೆಗೆ ಬೆರಳು ಚಾಚಿ, ಕಣ್ಣು ಮುಚ್ಚಿ, "ಅರೆ, ಅರೆ, ಅರೆ" ಎಂದು ಇಪ್ಪತ್ತು ಸಲ ಜಪಿಸಿದ. ಕಣ್ಣು ತೆರೆದ. ಬಾಯಾರಿಕೆಯಾಗಿತ್ತು, ಬಲಗೈ ಪಕ್ಕದ ತಂಬಿಗೆ ಎತ್ತಿ ಗಟಗಟ ಕುಡಿದ. ಕುಡಿದು ಕೆಳಗಿಟ್ಟ ಮೇಲೆ ಗೂಡಿನ ಕಡೆ ನೋಡಿದ. ಗೂಡು ಖಾಲಿ.

ದೂರದಲ್ಲಿದ್ದ 'ಅರೆ' ಮಗ್ಗುಲಿಗೆ ಬಂದು 'ಕೊರೆ' ಆಗಿತ್ತು. ಹೊಟ್ಟೆಯೊಳಗೆ ಇಳಿದ ನೀರು ಒಮ್ಮೆಲೇ ತಣ್ಣಗೆ ಕೊರೆಯತೊಡಗಿತು.

ಮರುದಿನ ಧೈರ್ಯ ಮಾಡಿ ಮೇಲಿನ ಫ್ಯಾನಿಗೆ ಬೆರಳು ತೋರಿಸಿ ಕಣ್ಣು ಮುಚ್ಚಿದ. ಹತ್ತು 'ಅರೆ' ಆಗುವಷ್ಟರಲ್ಲಿ ನೆತ್ತಿಗೆ ಗಾಳಿ ಬಂತು. ಫ್ಯಾನು ತಿರುಗುತ್ತಿತ್ತು. ಅಪ್ಪನ ಕುರ್ಚಿಯ ಮೇಲಿದ್ದ ಪೇಪರಿಗೆ 'ಸೊರೆ' ಎಂದ. ಕಣ್ಣು ಬಿಡುವಾಗ ಪೇಪರು ತೊಡೆಯ ಮೇಲಿತ್ತು, ಮೇಲೆ ಕನ್ನಡಕ ಬೇರೆ. ಪಡಸಾಲೆಯಲ್ಲಿ ಒಬ್ಬರೂ ಇರಲಿಲ್ಲ. ಅಡುಗೆಮನೆಯ ಬಾಗಿಲ ಪರದೆ ಮಾತ್ರ, ಫ್ಯಾನಿನ ಗಾಳಿ ಅಲ್ಲಿಗೆ ಮುಟ್ಟದಿದ್ದರೂ, ಸಣ್ಣಗೆ ಅಲುಗುತ್ತಿತ್ತು. ಎಲ್ಲಕ್ಕಿಂತ ಹೆಚ್ಚಾಗಿ ಮೂಲೆಯ ಕೋಲು ಮೂಲೆಯಲ್ಲಿರಲಿಲ್ಲ. ಅಪ್ಪನ ಕುರ್ಚಿಯ ಕೈಗೆ ಒರಗಿತ್ತು, ಅಪ್ಪ ಈಗಷ್ಟೇ ಎದ್ದು ನೀರು ಕುಡಿಯಲು ಹೋದ ಹಾಗೆ.

ಮೂರನೆಯ ದಿನ ಅವನು ಯಾವುದಕ್ಕೂ ಬೆರಳು ತೋರಿಸಲಿಲ್ಲ. ಹೆದರಿಕೆಗೆ ನಿದ್ದೆ ಹೆಚ್ಚು ನೋಡಿ, ಕೂತಲ್ಲೇ ಕಣ್ಣು ಹತ್ತಿತು. ಎಚ್ಚರಾದಾಗ ಕೋಲು ಅವನ ಮೊಣಕಾಲಿಗೇ ಒರಗಿತ್ತು. ಬೆಳ್ಳಿ ಹಿಡಿಕೆ ತಣ್ಣಗಿತ್ತು.

ಹೆಂಡತಿಗೆ ಹೇಳಲಿಲ್ಲ. ಹೆಣ್ಣುಮಕ್ಕಳ ಎದೆ ತೆಳು, ಅಂಜಿಕೊಂಡಾಳು ಎಂದು ತನಗೆ ತಾನೇ ಹೇಳಿಕೊಂಡು, ಅಂಗಳಕ್ಕೆ ಹೋಗಿ ಚಪಳಗಾಂವದ ಬಂಡೆಪ್ಪನಿಗೆ ಫೋನು ಹಚ್ಚಿದ. ಬಂಡೆಪ್ಪ ಅಕ್ಕನಾಗಮ್ಮನ ತಮ್ಮ. ಹೊಲಮನೆ ನೋಡಿಕೊಂಡಿರುವ ಮನುಷ್ಯ. ದನದ ರೋಗದಿಂದ ಹಿಡಿದು ದೆವ್ವದ ತನಕ ಎಲ್ಲಕ್ಕೂ ಅವನ ಹತ್ತಿರ ಒಂದು ಇಲಾಜು ಇರುತ್ತದೆ.

"ದಾಜೀ," ಎಂದ ಬಂಡೆಪ್ಪ, ಎಲ್ಲ ಕೇಳಿದ ಮೇಲೆ, "ಮನ್ಯಾಗ ಯಾರ್ ಯಾರ್ ಇರ್ತೀರಿ?"

"ನಾನು. ಮತ್ತ ನಮ್ಮಾಕಿ."

"ಹಾಂ. ಹಂಗಾರ ಬೇಸ್ತವಾರ ನಾ ಅಕ್ಕನ್ನ ಅಕ್ಕಲಕೋಟಕ್ಕ ದರ್ಶನಕ್ಕ ಕರ್ಕೊಂಡ ಹೋಗ್ತೀನಿ. ನೀವು ಒಬ್ರs ಇರ್ರಿ. ಆಗೂ ಸಾಮಾನು ಸರದಾಡಿದ್ರ ಅದು ದೆವ್ವ. ಸರದಾಡಲಿಲ್ಲಂದ್ರ..."

"ಸರದಾಡಲಿಲ್ಲಂದ್ರ?"

"ಆಮ್ಯಾಲ ನೀವs ವಿಚಾರ ಮಾಡ್ರಿ," ಎಂದು ಬಂಡೆಪ್ಪ ಫೋನು ಇಟ್ಟ.

ಗುರುವಾರ ಅಕ್ಕತಮ್ಮ ಬೆಳಗಿನ ಬಸ್ಸಿಗೆ ಹೋದರು. ನಾಗಣ್ಣ ಕೋಲನ್ನು ದೂರದ ಮೂಲೆಗೆ ಒಯ್ದಿಟ್ಟು, ಅಂಗಿಯೊಳಗೆ ಕೈಹಾಕಿ ಕೊರಳಿನ ಇಷ್ಟಲಿಂಗ ಹಿಡಿದುಕೊಂಡು, ಇನ್ನೊಂದು ಕೈಯ ಬೆರಳು ಚಾಚಿದ. ತಂಬಿಗೆ: ಅರೆ. ಫ್ಯಾನು: ಅರೆ. ಪೇಪರು: ಸೊರೆ. ಕಣ್ಣು ಮುಚ್ಚಿದ, ತೆರೆದ. ತಂಬಿಗೆ ಗೂಡಿನಲ್ಲೇ ಇತ್ತು, ಫ್ಯಾನು ನಿಂತೇ ಇತ್ತು. ಕೋಲು ಕೂಡ ಅಲುಗಿರಲಿಲ್ಲ. ದೆವ್ವ ಊರು ಬಿಟ್ಟಿತೆಂದು ನಾಗಣ್ಣ ಒಬ್ಬನೇ ಚಪ್ಪಾಳೆ ಹೊಡೆದು ನಕ್ಕ. ಆ ನಗು ಖಾಲಿ ಮನೆಯಲ್ಲಿ ಒಂದು ಸುತ್ತು ಹಾಕಿ ಅವನ ಕಿವಿಗೇ ವಾಪಸು ಬಂತು.

ಹನ್ನೊಂದಕ್ಕೆ ಬಾಯಾರಿಕೆಯಾಯಿತು. ತಂಬಿಗೆಗೆ ಬೆರಳು ತೋರಿಸಿದ. ಈ ಸಲ ಅಭ್ಯಾಸಕ್ಕಲ್ಲ, ನೀರಿಗೆ. ತಂಬಿಗೆ ಬರಲಿಲ್ಲ. ಬೆರಳು ಗಾಳಿಯಲ್ಲೇ ನಿಂತಿತು. ಆಗ ಅವನಿಗೆ ನಿಜವಾದ ಭಯ ಹತ್ತಿತು. ಮನೆ ಇಷ್ಟು ಮೌನವಾಗಿದ್ದನ್ನು ಅವನು ಎಂದೂ ಕೇಳಿರಲಿಲ್ಲ. ಏನೋ ಒಂದು ಸದ್ದು ಇಲ್ಲವಾಗಿತ್ತು. ಯಾವುದೆಂದು ಎಷ್ಟೋ ಹೊತ್ತು ಹೊಳೆಯಲಿಲ್ಲ. ಬಳೆಯ ಸದ್ದು. ಮೂವತ್ತಾರು ವರ್ಷ ಕಿವಿಯಲ್ಲಿದ್ದದ್ದು, ಗೋಡೆ ಗಡಿಯಾರದ ಟಿಕ್ ಟಿಕ್ ಹಾಗೆ, ನಿಂತಾಗ ಮಾತ್ರ ಕೇಳಿಸಿತು.

ಫೋನು ಹಚ್ಚಿದ.

"ಚಹಾಪುಡಿ ಎಲ್ಲೈತಿ?"

"ಅಲ್ಲೇ ಐತಲ್ರಿ," ಎಂದಳು ಅಕ್ಕನಾಗಮ್ಮ. ಹಿಂದೆ ಗುಡಿಯ ಗಂಟೆ ಕೇಳುತ್ತಿತ್ತು.

"ಅಲ್ಲೇ ಅಂದ್ರ? ಇದ್ರಾಗ? ಏನ್ ಅದ್ರಾಗ?" ನಾಗಣ್ಣ ಡಬ್ಬಿಗಳಿಗೆಲ್ಲ ಬೆರಳು ತೋರಿಸಿದ.

"ಇದು ಅದು ಅಂದ್ರ ಅಕ್ಕಲಕೋಟದಾಗ ಕುಂತು ನನಗ ಹ್ಯಾಂಗ ಕಾಣಬೇಕ್ರಿ?"

ನಾಗಣ್ಣ ಚಾಚಿದ ಬೆರಳನ್ನು ಮಡಚಿಕೊಂಡ. "ಅಲ್ಲಾ... ಆ ತಂಬಗಿ, ಫ್ಯಾನು, ಕಣ್ಣಿನ ಚಾಳೀಸ... ಎಲ್ಲಾ ನೀನs ಏನು?"

"ಮತ್ತ್ಯಾರ್ರಿ? ಬಟ್ಟ ಮಾಡಿ ತೋರ್ಸಿದ್ರಿ, ತಂದ್ ಕೊಟ್ಟೆ. ಲಗ್ನ ಆದಾಗಿಂದ ಅದನ್ನs ಮಾಡಾಕತ್ತೀನಿ. ನಡುವ ಅದೇನೋ ಅರೆ ಪರೆ ಅಂತಿದ್ರಿ, ಹೊಸಾ ಮಂತ್ರ ಇರಬೇಕಂದೆ. ಮಾವನೋರ ಕುರ್ಚಿ ಮುಂದ ನಾ ಹ್ಯಾಂಗ ಬಾಯಿ ಬಿಡ್ಲಿ?"

ನಾಗಣ್ಣನಿಗೆ ನಾಚಿಕೆಯಾಯಿತು. ಹೀಗೆಂದು ಒಪ್ಪಿಕೊಳ್ಳುವ ಮನುಷ್ಯನಲ್ಲ, ಆದರೂ ಆಯಿತು. ಇಷ್ಟು ವರ್ಷ ತನ್ನ ಮನೆಯಲ್ಲಿ ನೀರು, ಚಹಾ, ಚಪ್ಪಲಿ ತಾವಾಗಿ ನಡೆದು ಬರುತ್ತಿದ್ದವೆಂದೇ ಅವನು ಬದುಕಿದ್ದ. ಅದಕ್ಕೆ ಅಂಜಿದ್ದು ಮಾತ್ರ ಈ ವಾರ. ಆಮೇಲೆ ಇನ್ನೊಂದು ನೆನಪಾಯಿತು.

"ಮತ್ತ ಆ ಕೋಲು?"

ಆ ಕಡೆ ಗುಡಿಯ ಗಂಟೆ ಎರಡು ಸಲ ಬಡಿಯಿತು.

"ಕೋಲು? ಮಾವನೋರ ಕೋಲು ನಾ ಯಾಕ ಮುಟ್ಟಲಿ? ಮುಟ್ಟಿಲ್ರಿ."

ನಾಗಣ್ಣ ಕುರ್ಚಿಯ ಕಡೆ ನೋಡಲಿಲ್ಲ. ಚಪ್ಪಲಿಯನ್ನು ತಾನೇ ಹುಡುಕಿ ಮೆಟ್ಟಿಕೊಂಡು, ಅವಳು ಬರುವ ತನಕ ಹೊರಗಿನ ಕಟ್ಟೆಯ ಮೇಲೆ ಬಿಸಿಲಿನಲ್ಲಿ ಕೂತ.

ಅಂದಿನಿಂದ ಅಕ್ಕನಾಗಮ್ಮನೇ ಎದುರಿಗೆ ಕೂರಲು ಒಪ್ಪಿದಳು, ಆದರೆ ಅಡುಗೆಮನೆಯಲ್ಲಿ, ಮಣೆಯ ಮೇಲೆ, ಒಂದು ಕರಾರಿನಿಂದ. ಬೆರಳು ತೋರಿಸುವವಳು ಅವಳು. 'ಅರೆ' ಎಂದರೆ ಅವನು ಎದ್ದು ಹೋಗಿ ತರಬೇಕು. ಉಪ್ಪಿನ ಡಬ್ಬಿ ಅರೆ. ಸಿಲಿಂಡರ್ ಬಿಗಿಯುವ ಪಾನಾ ಅರೆ. ಒಂದು ವಾರದಲ್ಲಿ ನಾಗಣ್ಣನಿಗೆ ಎಂಥ ಸಾಧನೆಯಾಯಿತೆಂದರೆ, ಯಾರ ಬೆರಳು ಎದ್ದರೂ ತಲೆಗೆ ತಿಳಿಯುವ ಮೊದಲೇ ಕಾಲು ಎದ್ದಿರುತ್ತಿತ್ತು. ಚಹಾಪುಡಿ ಎಲ್ಲಿದೆಯೆಂದು ಕಣ್ಣು ಮುಚ್ಚಿ ಹೇಳುತ್ತಿದ್ದ. ಕೋಲನ್ನು ಮಾತ್ರ ಹಳೆಯ ಚಾದರದಲ್ಲಿ ಸುತ್ತಿ, ಹಗ್ಗ ಬಿಗಿದು, ಸಾಹೇಬರು ಬರುವ ಹಿಂದಿನ ಸಂಜೆ ಅಟ್ಟದ ಮೇಲೆ ಒಯ್ದಿಟ್ಟ.

ಹಿರಾನೊ ಸಾಹೇಬರು ಬಂದರು. ಜೊತೆಗೆ ಟಾವೆಲ್ ವ್ಯಾಪಾರಿಗಳ ಸಂಘದ ಎಂಟು ಜನ, ಅವರಲ್ಲಿ ಸೋಮೇಶ. ಖಡಕ್ ರೊಟ್ಟಿ ಮುರಿದು ಬಾಯಿಗಿಟ್ಟ ಸಾಹೇಬರು ದೂರದ ಗೂಡಿನಲ್ಲಿದ್ದ ಶೇಂಗಾ ಚಟ್ನಿಯ ಭರಣಿಗೆ ಕೈ ತೋರಿಸಿ ಕೇಳಿದರು: "ಅರೆ ವಾ ನಾನ್ ದೆಸ್ ಕಾ?"

ಅದೇನು ಎಂದಷ್ಟೇ ಕೇಳಿದ್ದು. 'ಚಟ್ನಿ ದೆಸ್' ಎಂದರೆ ಮುಗಿಯುತ್ತಿತ್ತು; ದೀಪಾಲಿ ನೂರು ಸಲ ಹೇಳಿಕೊಟ್ಟಿದ್ದಳು. ಆದರೆ ನಾಗಣ್ಣನ ಕಾಲು ಆಗಲೇ ಎದ್ದಿತ್ತು. ಭರಣಿ ತಂದು ಸಾಹೇಬರ ಮುಂದಿಟ್ಟ. ಸಾಹೇಬರು ಬಾಗಿ ನಮಸ್ಕರಿಸಿ, ಗೋಡೆಯ ಕ್ಯಾಲೆಂಡರಿಗೆ ಕೈ ತೋರಿಸಿದರು. ಕ್ಯಾಲೆಂಡರೂ ಬಂತು. ಗಡಿಯಾರ ನೋಡಿದರು, ನಾಗಣ್ಣ ಸ್ಟೂಲು ಹತ್ತಿದ. ಗಡಿಯಾರವನ್ನು ಮಡಿಲಲ್ಲಿಟ್ಟುಕೊಂಡ ಸಾಹೇಬರ ಮುಖ ನೋಡಿ ಸೋಮೇಶ ಕೆಮ್ಮಿದ, ಆಮೇಲೆ ಕೆಮ್ಮುವುದನ್ನು ಬಿಟ್ಟು ಬಾಯಿಬಿಟ್ಟೇ ನಕ್ಕ.

ಸಾಹೇಬರು ಕೊನೆಯದಾಗಿ, ಬಹಳ ಹಗುರಾಗಿ, ಪಡಸಾಲೆಯ ಆ ತುದಿಗೆ ಕೈ ತೋರಿಸಿದರು.

"ಅರೆ ವಾ?"

ನಾಗಣ್ಣ ಅರ್ಧ ಎದ್ದವನು ಹಾಗೇ ನಿಂತ. ಮೂಲೆಯಲ್ಲಿ ಅಪ್ಪನ ಕೋಲು ನಿಂತಿತ್ತು. ಚಾದರವಿಲ್ಲ, ಹಗ್ಗವಿಲ್ಲ, ಬೆಳ್ಳಿ ಹಿಡಿಕೆ ಈಗಷ್ಟೇ ಉಜ್ಜಿದ ಹಾಗೆ ಹೊಳೆಯುತ್ತಿತ್ತು. ಹದಿನೈದು ದಿನದ ಜಪಾನಿ ಒಂದೇ ಉಸಿರಿಗೆ ಹಾರಿಹೋಯಿತು.

"ಅದೊಂದು ಕೇಳಬ್ಯಾಡ್ರಿ ಸಾಹೇಬ್ರ!" ಎಂದು ಅಪ್ಪಟ ಕನ್ನಡದಲ್ಲಿ ಚೀರಿ, ಎರಡೂ ಕೈ ಜೋಡಿಸಿ, ಹಿರಾನೊ ಸಾಹೇಬರ ಕುರ್ಚಿಯ ಹಿಂದೆ ಅಡಗಿ ನಿಂತ. ಸಾಹೇಬರು ಇದು ಈ ಕಡೆಯ ಪದ್ಧತಿಯಿರಬೇಕೆಂದು ಗಡಿಯಾರ ಹಿಡಿದುಕೊಂಡೇ ಎದ್ದು, ಕೋಲಿಗೆ ನಡು ಬಾಗಿಸಿ ನಮಸ್ಕಾರ ಮಾಡಿದರು. ಸಂಘದ ಎಂಟೂ ಜನ ಮಾಡಿದರು.

ಅಡುಗೆಮನೆಯ ಪರದೆಯ ಹತ್ತಿರ ಅಕ್ಕನಾಗಮ್ಮ ರೊಟ್ಟಿಯ ಬುಟ್ಟಿ ಹಿಡಿದು, ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಿಂತಿದ್ದಳು. ಆ ಸೆರಗಿನ ತುದಿಗೆ ಅಟ್ಟದ ಜೇಡರ ಬಲೆ ಅಂಟಿತ್ತು. ಸೋಮೇಶ ಅದನ್ನು ನೋಡಿದ, ಸಾಹೇಬರೂ ನೋಡಿದರು. ನಾಗಣ್ಣ ಮಾತ್ರ ಆ ಕಡೆ ನೋಡಲಿಲ್ಲ.